ಎಬ್ಬಿಸಿ ನಡೆಸುವ ಉದ್ಯೋಗ

ಟೀವಿಯಲ್ಲಿ ಕ್ರಿಕೆಟ್ ನೋಡುವಾಗ ಆಟಗಾರನೊಬ್ಬ ತೊಡೆ ಹಿಡಿದುಕೊಂಡು ಕುಸಿದರೆ, ಚೀಲ ಹಿಡಿದು ಮೈದಾನಕ್ಕೆ ಓಡಿ ಬರುವವರನ್ನು ನೀವು ಗಮನಿಸಿರುತ್ತೀರಿ. ಅವರು ತಂಡದ ಫಿಜಿಯೋಥೆರಪಿಸ್ಟ್. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಅನೇಕರಿಗೆ ಈ ವೃತ್ತಿಯ ಕಲ್ಪನೆ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಈ ವಿದ್ಯೆ ಬೇಕಾಗಿರುವುದು ಕ್ರಿಕೆಟ್ ಮೈದಾನಕ್ಕಿಂತ ಹೆಚ್ಚಾಗಿ ಗದ್ದೆಯ ಬದುವಿನಲ್ಲಿ, ನಡುಮನೆಯ ಮಂಚದ ಬಳಿಯಲ್ಲಿ.

ನಾಟಿ ಹಾಕುತ್ತಿರುವ ಹೆಣ್ಣುಮಗಳೊಬ್ಬಳನ್ನು ಒಮ್ಮೆ ಭೌತಶಾಸ್ತ್ರದ ಕಣ್ಣಿನಿಂದ ನೋಡಿ. ನೀವು ಹೈಸ್ಕೂಲಿನಲ್ಲಿ ಓದಿದ ಸನ್ನೆ ಅಲ್ಲಿದೆ. ಬೆನ್ನುಮೂಳೆಯ ಬುಡವೇ ಆಧಾರಬಿಂದು. ಮುಂದಕ್ಕೆ ಬಾಗಿದ ತಲೆ, ತೋಳು, ಎದೆಯ ಭಾರ ಸುಮಾರು 30 ಕಿಲೋ ಎಂದಿಟ್ಟುಕೊಳ್ಳಿ. ಅದು ಆಧಾರಬಿಂದುವಿನಿಂದ 25 ಸೆಂ.ಮೀ. ಮುಂದಿದೆ ಎನ್ನೋಣ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯು ಇರುವುದು ಕೇವಲ 5 ಸೆಂ.ಮೀ. ದೂರದಲ್ಲಿ. ಗುಣಿಸಿ ಭಾಗಿಸಿದರೆ, ಆ ಸ್ನಾಯು 150 ಕಿಲೋ ಭಾರಕ್ಕೆ ಸಮನಾದ ಬಲ ಹಾಕಬೇಕು, ಅದೂ ಪೈರಿನ ಕಟ್ಟೊಂದನ್ನು ಎತ್ತುವ ಮೊದಲೇ. ಕಬ್ಬು ಕಡಿದು ಹೊರೆ ಹೊರುವವರ ಲೆಕ್ಕ ಇನ್ನೂ ದೊಡ್ಡದು. ಸೊಂಟನೋವಿಗೆ ಮಾತ್ರೆ ನುಂಗಿದರೆ ನೋವು ತಗ್ಗೀತು, ಸನ್ನೆಯ ಲೆಕ್ಕ ಬದಲಾಗದು. ಬಾಗುವ ಬಗೆ, ಎತ್ತುವ ಬಗೆ, ಸ್ನಾಯುವಿನ ಕಸುವು ಇವುಗಳನ್ನು ಬದಲಿಸುವುದೇ ಫಿಜಿಯೋಥೆರಪಿಸ್ಟರ ಕೆಲಸ.

ನಮ್ಮ ದೇಶದಲ್ಲಿ ಈ ಶಿಕ್ಷಣ 1950ರ ದಶಕದ ಆರಂಭದಲ್ಲಿ, ಪೋಲಿಯೋ ಪೀಡಿತ ಮಕ್ಕಳ ಆರೈಕೆಯ ಒತ್ತಡದಿಂದ, ಮುಂಬಯಿಯಲ್ಲಿ ಮೊದಲಾಯಿತು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಆದರೆ ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ರಸ್ತೆ ಅಪಘಾತಗಳು ಈ ವೃತ್ತಿಯವರಿಗೆ ಬಿಡುವು ಕೊಟ್ಟಿಲ್ಲ.

ಕ್ರೀಡೆಯ ಮಾತಿಗೆ ಬರೋಣ. 2001ರಲ್ಲಿ ಆಸ್ಟ್ರೇಲಿಯಾ ವಿರುದ್ಧ ನಮ್ಮ ನೆಲದಲ್ಲಿ ನಡೆದ ಪ್ರಸಿದ್ಧ ಟೆಸ್ಟ್ ಸರಣಿಯಲ್ಲಿ ಅನಿಲ್ ಕುಂಬ್ಳೆ ಆಡಲಿಲ್ಲ. ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಆ ವರ್ಷದ ಕೊನೆಯ ಭಾಗದಲ್ಲಿ ತಂಡಕ್ಕೆ ಮರಳಿದ ಅವರು 2008ರಲ್ಲಿ ನಿವೃತ್ತರಾದಾಗ ಪಡೆದಿದ್ದ ಟೆಸ್ಟ್ ವಿಕೆಟ್‌ಗಳು 619. ಶಸ್ತ್ರಚಿಕಿತ್ಸೆ ಗಂಟೆಗಳಲ್ಲಿ ಮುಗಿಯುತ್ತದೆ. ಅದಾದ ಮೇಲಿನ ತಿಂಗಳುಗಳು, ಕೈಯನ್ನು ದಿನಕ್ಕಿಷ್ಟು ಮೇಲಕ್ಕೆತ್ತುವ ಬೇಸರದ ತಿಂಗಳುಗಳು, ಆಟಗಾರ ಮತ್ತು ಫಿಜಿಯೋ ಇಬ್ಬರಿಗೂ ಸೇರಿದವು.

ನಿಮ್ಮ ಊರಿನ ಕಬಡ್ಡಿ ಆಟಗಾರನಿಗೂ ಇದೇ ನಿಯಮ. ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ, ಸಾಮಾನ್ಯವಾಗಿ ಒಂಬತ್ತು ತಿಂಗಳಿಗೆ ಮೊದಲು ಅಂಕಣಕ್ಕೆ ಇಳಿಯಬಾರದು. ನೋವು ಅದಕ್ಕೂ ಬಹಳ ಮುಂಚೆಯೇ ಹೋಗಿರುತ್ತದೆ, ಅಪಾಯ ಇರುವುದೇ ಅಲ್ಲಿ. ಮುಂದಿನ ವಾರ ಪಂದ್ಯವಿದೆ, ಆಡಿಸಿಬಿಡಿ ಎಂದು ಹುಡುಗನೂ ತರಬೇತುದಾರನೂ ಒಟ್ಟಿಗೆ ಹೇಳುವಾಗ ಆಗದು ಎನ್ನುವ ಗಟ್ಟಿತನ ಫಿಜಿಯೋಗೆ ಇರಬೇಕು. (ಮಂಡಿ ಊದಿಕೊಂಡವನನ್ನು ಉಳುಕು ತೆಗೆಸಲು ಕರೆದೊಯ್ಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹರಿದದ್ದನ್ನು ಎಳೆದರೆ ಕೂಡದು.) ಒಂದು ಮಾತು ನೆನಪಿರಲಿ: ದೊಡ್ಡ ತಂಡಗಳಲ್ಲಿ ಹುದ್ದೆಗಳು ಬೆರಳೆಣಿಕೆಯಷ್ಟು. ಅದೊಂದನ್ನೇ ನಂಬಿ ಈ ಕೋರ್ಸಿಗೆ ಸೇರಬೇಡಿ.

ಕ್ಲಿನಿಕ್ಕಿನಲ್ಲಿ ಕೆಲಸ ಬೇರೆ ಬಗೆಯದು. ಕುತ್ತಿಗೆ ನೋವು, ಮಂಡಿ ಸವೆತ, ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಕಾಡುವ ಭುಜದ ಬಿಗಿತ. ರೋಗಿಗೆ ಯಂತ್ರದ ಮೇಲೆ ನಂಬಿಕೆ. ಕರೆಂಟ್ ಇಟ್ಟರೆ ಸಮಾಧಾನ. ದೂರದರ್ಶನದವರಾದ ನಮಗೂ ಅಷ್ಟೇ, ದೀಪ ಮಿನುಗುವ ಯಂತ್ರ ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಬಹಳಷ್ಟು ನೋವುಗಳಲ್ಲಿ ನಿಜವಾದ ಮದ್ದು, ರೋಗಿ ಮನೆಯಲ್ಲಿ ಯಾರೂ ನೋಡದಾಗ ಮಾಡುವ ವ್ಯಾಯಾಮ. ಅದನ್ನು ಮಾಡುವಂತೆ ಒಪ್ಪಿಸುವ ಮಾತುಗಾರಿಕೆಯೂ ಈ ವಿದ್ಯೆಯ ಭಾಗವೇ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸವಿರುವುದು ವೃದ್ಧರ ಬಳಿ. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಮಳವಳ್ಳಿ ಕಡೆಯ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳಿ. ಮಕ್ಕಳು ಬೆಂಗಳೂರಿನಲ್ಲಿ, ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಮಲಗಿದ್ದಾರೆ. ವಯಸ್ಸಾದವರು, ಮಲಗಿರಲಿ ಪಾಪ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆರೋಗ್ಯವಂತ ವೃದ್ಧರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸ ಕರಗಿತ್ತು. ಪಾರ್ಶ್ವವಾಯು ಹೊಡೆದವರಲ್ಲೂ ಚೇತರಿಕೆ ವೇಗವಾಗಿರುವುದು ಮೊದಲ ಮೂರು ತಿಂಗಳಲ್ಲಿ. ಆ ಕಾಲ ಕಳೆದುಹೋದರೆ ಅಜ್ಜಿ ಮತ್ತೆ ಜಗಲಿಗೆ ಬರುವುದೇ ಸಂಶಯ. ಅಲ್ಲಿಗೆ ಹೋಗುವ ಫಿಜಿಯೋಗೆ ಆಸ್ಪತ್ರೆಯ ಸಲಕರಣೆಗಳಿಲ್ಲ. ಕಿಟಕಿಯ ಸರಳು ಹಿಡಿಸಿ ನಿಲ್ಲಿಸಬೇಕು, ಹೊಸ್ತಿಲು ದಾಟಿಸಬೇಕು, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಬೇಕು. ಮೈ ಮುಟ್ಟಿಸಿಕೊಳ್ಳಲು ಸಂಕೋಚಪಡುವ ಹೆಂಗಸರಿಗೆ ಹೆಣ್ಣುಮಕ್ಕಳೇ ಹೋದರೆ ಅನುಕೂಲ. ವಿದ್ಯಾರ್ಥಿನಿಯರು ಇದನ್ನು ಗಮನಿಸಿ.

ಓದಿನ ವಿಷಯ ಚುಟುಕಾಗಿ ಹೇಳುತ್ತೇನೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಪದವಿಯನ್ನು ಬಿಪಿಟಿ ಎನ್ನುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಇದು ಬಹುಕಾಲ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ್ದಾಗಿತ್ತು. ವೈದ್ಯಕೀಯ ಪೂರಕ ವೃತ್ತಿಗಳಿಗಾಗಿ 2021ರಲ್ಲಿ ಸಂಸತ್ತು ಕಾಯ್ದೆ ಮಾಡಿದ ಮೇಲೆ ನಿಯಮಗಳು ಬದಲಾಗುತ್ತಿವೆ. ಆದ್ದರಿಂದ ನೀವು ಸೇರುವ ವರ್ಷದ ಅವಧಿ, ಪ್ರವೇಶದ ಕ್ರಮ, ಕಾಲೇಜಿನ ಮಾನ್ಯತೆ ಇವನ್ನು ವಿಚಾರಿಸಿಯೇ ಶುಲ್ಕ ಕಟ್ಟಿ. ಆರಂಭದಲ್ಲಿ ಸಂಬಳ ಹೆಚ್ಚೇನಿರುವುದಿಲ್ಲ.

ಈ ಕೆಲಸದ ರುಚಿ ಹೇಗಿರುತ್ತದೆಂದು ಮನೆಯಲ್ಲೇ ನೋಡಬಹುದು. ಕೈಯಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಓಡಾಡಿಕೊಂಡಿರುವ ಅಜ್ಜಿಯನ್ನೋ ತಾತನನ್ನೋ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ಗಡಿಯಾರ ನೋಡಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅವರು ಬೀಳುವ ಸಂಭವ ಹೆಚ್ಚು ಎಂದರ್ಥ, ವೈದ್ಯರಿಗೆ ತೋರಿಸಿ. ಅವರು ಏಳುವಾಗ ನೀವು ಪಕ್ಕದಲ್ಲೇ, ಕೈ ಸಿಗುವಷ್ಟು ಹತ್ತಿರ ನಿಂತಿರಿ.