ಡ್ಯುರಾಂಡ್ ಪಾರಿತೋಷಕ

ನಮ್ಮ ದ್ವಾರಕಾ ವಾಚನಾಲಯಕ್ಕೆ ಬರುವ ಮಕ್ಕಳಿಗೆ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳ ವಿವರವೆಲ್ಲ ಬಾಯಿಪಾಠ. ದೆಹಲಿಯಲ್ಲೇ ಬಹುಕಾಲ ನಡೆದ ಡ್ಯುರಾಂಡ್ ಪಂದ್ಯಾವಳಿಯನ್ನು ಮಾತ್ರ ಅರಿಯರು. 1888ರಲ್ಲಿ ಸಿಮ್ಲಾದಲ್ಲಿ ಮಾರ್ಟಿಮರ್ ಡ್ಯುರಾಂಡ್ ಎಂಬ ಅಧಿಕಾರಿ ಇದನ್ನು ಸೈನಿಕರಿಗಾಗಿ ಆರಂಭಿಸಿದನು. ಆಗ ಒಮ್ಮೆ ಸೋತ ತಂಡ ಅಲ್ಲಿಗೇ ಹೊರಬೀಳುತ್ತಿತ್ತು. 1940ರಲ್ಲಿ ಪಂದ್ಯಾವಳಿ ದೆಹಲಿಗೆ ಬಂದಿತು. ಆ ವರ್ಷವೇ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದವರು ಬ್ರಿಟಿಷ್ ಸೇನಾ ತಂಡವನ್ನು 2–1ರಿಂದ ಸೋಲಿಸಿದರು. ಪಾರಿತೋಷಕ ಭಾರತೀಯರ ಕೈಸೇರಿದ್ದು ಅದೇ ಮೊದಲು. ಆಳುವವರ ಆಟ ಹೀಗೆ ನಮ್ಮದಾಯಿತು.

2019ರಲ್ಲಿ ಪಂದ್ಯಾವಳಿ ಕಲ್ಕತ್ತೆಗೆ ಹೋಯಿತು. 2022ರಲ್ಲಿ ನಮ್ಮ ಬೆಂಗಳೂರು ತಂಡ ಮುಂಬಯಿ ತಂಡವನ್ನು ಮಣಿಸಿ ಪಾರಿತೋಷಕವನ್ನು ಗೆದ್ದದ್ದೂ ಅಲ್ಲಿಯೇ. ದೆಹಲಿಯಲ್ಲಿ ಆಡಿದ್ದರೆ ನಾವೆಲ್ಲ ಹೋಗಿ ಕನ್ನಡದಲ್ಲಿ ಕೂಗಿ ಹುರಿದುಂಬಿಸಬಹುದಿತ್ತು. ಆಟ ಊರು ಬಿಟ್ಟರೂ ಅದರ ಕಥೆಯಾದರೂ ನಮ್ಮ ಮಕ್ಕಳಲ್ಲಿ ಉಳಿಯಲಿ.