ಮೀನಿನ ತೊಟ್ಟಿಯೂ ಒಂದು ಚಿಟಿಕೆ ಆಹಾರವೂ

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ರಾಯಚೂರು ಜಿಲ್ಲೆಯ ಗದ್ವಾಲ ತಾಲೂಕು ಆಂಧ್ರಪ್ರದೇಶದ ಪಾಲಾಯಿತು. ಈಗ ತೆಲಂಗಾಣದಲ್ಲಿರುವ ಗದ್ವಾಲ, ಮಕ್ತಲ್, ನಾರಾಯಣಪೇಟೆಗಳಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡದ ಮನೆಗಳಿವೆ.

ಮಕ್ತಲಿನ ಅಂಥ ಒಂದು ಮನೆಗೆ ನಾವು ಹೋದಾಗ ಗಾಜಿನ ತೊಟ್ಟಿಯ ಮುಂದೆ ಮಗುವೊಂದು ಅಳುತ್ತಿತ್ತು. ನೀರು ಹಸಿರುಗಟ್ಟಿತ್ತು, ಎರಡು ಮೀನು ಸತ್ತಿದ್ದವು.

ಕಾರಣ ಮಗುವಿನ ಪ್ರೀತಿಯೇ. ದಿನಕ್ಕೆ ನಾಲ್ಕು ಬಾರಿ ಆಹಾರ! ತಿನ್ನದೆ ಉಳಿದದ್ದು ಕೊಳೆತಾಗ ಫಾಸ್ಫೇಟ್ ನೀರಿಗಿಳಿಯುತ್ತದೆ. ತೋಟಕ್ಕೆ ಗೊಬ್ಬರವಿದ್ದಂತೆ ಪಾಚಿಗೆ ಅದು. ಕೊಳೆಯುವಾಗ ನೀರಿನ ಆಮ್ಲಜನಕವೂ ಕಡಿಮೆಯಾಗುತ್ತದೆ.

ನೀರನ್ನೆಲ್ಲ ಒಮ್ಮೆಗೇ ಚೆಲ್ಲುವುದು ಸಲ್ಲದು; ಮೀನು ತಡೆಯಲಾರದು. ವಾರಕ್ಕೊಮ್ಮೆ ಕಾಲು ಪಾಲು ಬದಲಿಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ಕಳೆದಿರಬೇಕು. ತಳದ ಕಸ ತೆಗೆಯಬೇಕು. ನೀರಿನ ಗಿಡ ನೆಟ್ಟರೆ ಅದೂ ಫಾಸ್ಫೇಟ್ ಹೀರುತ್ತದೆ.

ಉಪ್ಪುನೀರಿನ ಹವಳದ ತೊಟ್ಟಿಯಲ್ಲಿ ಲೆಕ್ಕ ಇನ್ನೂ ಬಿಗಿ. ಲೀಟರಿಗೆ 0.1 ಮಿಲಿಗ್ರಾಂ ದಾಟದಂತೆ ಸಾಕುವವರು ನೋಡಿಕೊಳ್ಳುತ್ತಾರೆ. ಹೆಚ್ಚಾದರೆ ಹವಳಕ್ಕೆ ಸುಣ್ಣದ ಗೂಡು ಕಟ್ಟುವುದು ಕಷ್ಟ. ಕಬ್ಬಿಣದ ಆಕ್ಸೈಡಿನ ಹರಳು ಫಾಸ್ಫೇಟನ್ನು ಹಿಡಿಯುತ್ತದೆ. ಆದರೆ ಕಲ್ಲಿಗೆ ಅಂಟಿದ್ದು ನಿಧಾನವಾಗಿ ಮತ್ತೆ ನೀರಿಗೆ ಬರುತ್ತದೆ. ಕಡಲ ದಂಡೆಯಲ್ಲಿರುವ ನಾವು ಇನ್ನೊಂದನ್ನು ನೆನಪಿಡಬೇಕು: ಗೂಡು ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ, ಕಿತ್ತು ತರುವುದು ಅಪರಾಧ.

ಮಗುವಿನ ಅಂಗೈಗೆ ಒಂದೇ ಚಿಟಿಕೆ ಆಹಾರ ಹಾಕಿ, "ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಸಾಕು, ಮರಿ" ಎಂದೆವು. ಸಾಕುವವರ ಕೈ ಬಿಗಿಯಾದರೆ ಅರ್ಧ ಔಷಧ ಆದಂತೆಯೇ.