ಕಿವಿ ಮಿಷನ್ ಹಾಕಿದ್ದೀಯಲ್ಲ, ಇನ್ನೂ ಕೇಳಿಸಲ್ವಾ?

ಶ್ರವಣ ಸಾಧನ ಎಂಬ ಹೆಸರು ಇಲಾಖೆಯ ಸುತ್ತೋಲೆಗಳಲ್ಲಿ ಮಾತ್ರ. ಶಾಲೆಯಲ್ಲಿ ಅದು ಕಿವಿ ಮಿಷನ್. ಅದನ್ನು ಹಾಕಿಕೊಂಡ ಹುಡುಗಿ ಕರೆದರೂ ಓಗೊಡದಿದ್ದರೆ ಮೇಷ್ಟ್ರು ಕೇಳುವ ಪ್ರಶ್ನೆಯೇ ಈ ಲೇಖನದ ತಲೆಬರಹ. ಕೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಕನ್ನಡಕ ಹಾಕಿದ ಕೂಡಲೇ ಬೋರ್ಡು ಕಾಣುವ ಹಾಗೆ, ಮಿಷನ್ ಹಾಕಿದ ಕೂಡಲೇ ಪಾಠ ಕೇಳುತ್ತದೆ ಎಂದು ನಂಬಿದ್ದಾರೆ, ಅಷ್ಟೆ.

ಹಾಗಾಗುವುದಿಲ್ಲ. ಮಿಷನ್ನಿನ ಮುಖ್ಯ ಕೆಲಸ ಸದ್ದನ್ನು ಹಿಗ್ಗಿಸುವುದು. ಒಳಗಿವಿಯ ಸೂಕ್ಷ್ಮ ಕೋಶಗಳು ಹಾಳಾಗಿದ್ದರೆ ಸದ್ದು ಜೋರಾಗಿ ತಲುಪೀತು, ಆದರೆ ಕಲಸಿಕೊಂಡೇ ತಲುಪುತ್ತದೆ. ಮೇಷ್ಟ್ರ ಮಾತಿನ ಜೊತೆಗೆ ಫ್ಯಾನಿನ ಗರಗರ, ಬೆಂಚು ಎಳೆದ ಸದ್ದು, ಪಕ್ಕದ ಕೊಠಡಿಯ ಮಗ್ಗಿ ಎಲ್ಲವೂ ಹಿಗ್ಗುತ್ತವೆ. ಈಗಿನ ಡಿಜಿಟಲ್ ಸಾಧನಗಳು ಗದ್ದಲವನ್ನು ಸ್ವಲ್ಪ ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ. ದೂರದ ಲೆಕ್ಕ ಬೇರೆ ಇದೆ: ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮೇಷ್ಟ್ರ ಕೊರಳಪಟ್ಟಿಗೆ ಸಿಕ್ಕಿಸುವ ಎಫ್‌ಎಂ ಮೈಕ್ ಇದಕ್ಕೆ ಒಳ್ಳೆಯ ಪರಿಹಾರ. ಅದರಿಂದ ದನಿ ನೇರವಾಗಿ ಮಗುವಿನ ಮಿಷನ್ನಿಗೇ ಹೋಗುತ್ತದೆ. ಅಷ್ಟು ದುಡ್ಡಿಲ್ಲದ ಕಡೆ ಆ ಮಗುವನ್ನು ರಸ್ತೆ ಬದಿಯ ಕಿಟಕಿಯಿಂದ ದೂರ, ಮುಂದಿನ ಬೆಂಚಿನಲ್ಲಿ ಕೂರಿಸುವುದಕ್ಕೆ ಯಾವ ಅನುದಾನವೂ ಬೇಡ.

"ತುಟಿ ನೋಡಿ ತಿಳಿದುಕೊಳ್ಳುತ್ತಾರೆ ಬಿಡಿ" ಎನ್ನುವವರು ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ಪಡಿ, ಬಡಿ, ಮಡಿ ಎಂದು ಹೇಳಿ ನೋಡಬೇಕು. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ತುಟಿಯೋದು ಸಂದರ್ಭ ನೋಡಿಕೊಂಡು ಊಹಿಸುವ ಕೆಲಸ. ಬೋರ್ಡಿನ ಕಡೆ ತಿರುಗಿಕೊಂಡೇ ಪಾಠ ಮಾಡುವವರ ಮುಂದೆ ಆ ಊಹೆಯೂ ನಡೆಯದು. (ಮೇಷ್ಟ್ರದು ಗಿರಿಜಾ ಮೀಸೆಯಾದರಂತೂ ಮುಗಿಯಿತು.)

ಸನ್ನೆ ಭಾಷೆ ಕಲಿತರೆ ಮಾತು ಬರುವುದಿಲ್ಲ ಎಂಬ ಹೆದರಿಕೆಗೆ ಶತಮಾನ ದಾಟಿದೆ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಸನ್ನೆಯನ್ನು ತರಗತಿಯಿಂದ ಹೊರಗಿಡಬೇಕೆಂದು ನಿರ್ಣಯಿಸಿತು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಅದೇ ಪರಂಪರೆಯ ಸಮ್ಮೇಳನ ಆ ನಿರ್ಣಯವನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ಈ ನಡುವಿನ 130 ವರ್ಷಗಳಲ್ಲಿ ಎಷ್ಟೋ ಮಕ್ಕಳಿಗೆ ಮಾತೂ ಬರಲಿಲ್ಲ, ಭಾಷೆಯೂ ಸಿಗಲಿಲ್ಲ.

ಇನ್ನು ಕಣ್ಣಿನ ವಿಷಯ. "ಮೊಬೈಲೇ ಓದಿ ಹೇಳುತ್ತೆ, ಈಗ ಬ್ರೈಲ್ ಯಾಕೆ?" ಎಂದು ಓದಿದವರೇ ಕೇಳುತ್ತಾರೆ. ಮೊಬೈಲ್ ಓದುವುದು ನಿಜ. ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಕನ್ನಡ ಓದುತ್ತದೆ, ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಆದರೆ ಕೇಳಿ ಕಲಿತವರಿಗೆ ಕಾಗುಣಿತ ಎಲ್ಲಿಂದ ಬರಬೇಕು? ಯಂತ್ರದ ದನಿ ವೇಗವಾಗಿ ಓದುವಾಗ ದನ ಯಾವುದು, ಧನ ಯಾವುದು? ಬ್ರೈಲ್ ಬೇರೆ ಭಾಷೆಯೇನಲ್ಲ, ಲಿಪಿ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡಕ್ಕೂ ಹಿಂದಿಗೂ ತಮಿಳಿಗೂ 'ಕ' ಒಂದೇ: 1 ಮತ್ತು 3ನೇ ಚುಕ್ಕಿ. ಒತ್ತಕ್ಷರ ಕೆಳಗೆ ಹೋಗಿ ಕೂರುವುದಿಲ್ಲ. 'ಕನ್ನಡ' ಎಂದು ಬರೆಯಲು ಕ, ಆಮೇಲೆ ಅರ್ಧಾಕ್ಷರವನ್ನು ಸೂಚಿಸುವ 4ನೇ ಚುಕ್ಕಿ, ನ, ಇನ್ನೊಂದು ನ, ಡ, ಹೀಗೆ ಐದು ಮನೆ ಸಾಲಾಗಿ ಬರುತ್ತವೆ. ಎರಡು ನಕಾರಗಳಿವೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಓದಿ ಹೇಳುವ ಯಂತ್ರಕ್ಕೆ ಕನ್ನಡದಲ್ಲಿ ನಾವೇ ಒಡ್ಡಿರುವ ಅಡ್ಡಿಯೂ ಒಂದಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧವಾದ ನೋಟ್ಸು ಇಂದಿಗೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಪರದೆಯ ಮೇಲೆ ಅದು ಅಚ್ಚಗನ್ನಡ. ಕಡತದೊಳಗೆ ಮಾತ್ರ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಎ ಎಂಬಂತೆ ಶುರುವಾಗುತ್ತದೆ. ಸ್ಕ್ರೀನ್ ರೀಡರ್ ಅದನ್ನು ಹಾಗೆಯೇ ಓದುತ್ತದೆ. ಅದರ ತಪ್ಪೇನೂ ಇಲ್ಲ. ಅದೇ ನೋಟ್ಸನ್ನು ಯೂನಿಕೋಡ್‌ಗೆ ಬದಲಾಯಿಸಿ ಕಳಿಸಿದರೆ ಸಾಕು, ಪಾಠ ಕಿವಿಗೆ ಬೀಳುತ್ತದೆ. ಬದಲಾಯಿಸುವ ಉಚಿತ ಪರಿವರ್ತಕಗಳು ಇವೆ. ಪುಟದ ಫೋಟೊ ತೆಗೆದು ಕಳಿಸುವವರಿಗೂ ಇದೇ ಮಾತು: ಫೋಟೊದೊಳಗಿನ ಅಕ್ಷರವನ್ನು ಮೊದಲು ಓಸಿಆರ್ ಗುರುತಿಸಬೇಕು, ಮಸುಕಾದ ಕನ್ನಡದಲ್ಲಿ ಅದು ಎಡವುತ್ತದೆ. ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಕೊಡಿಸಿ ಇಂಥ ಕಡತ ತುಂಬಿಸಿಕೊಟ್ಟರೆ ಕೊಡಿಸಿದ್ದು ದಂಡ.

ಪರೀಕ್ಷೆಯ ಹೊತ್ತಿಗೆ ಇನ್ನೊಂದು ಗೊಣಗಾಟ: "ಬರೆಯೋಕೆ ಇನ್ನೊಬ್ಬರು, ಮೇಲೆ ಎಕ್ಸ್‌ಟ್ರಾ ಟೈಮು, ಇದು ಅನ್ಯಾಯ ಅಲ್ವಾ?" ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು. ಕಣ್ಣಿದ್ದವರು ಕೋಷ್ಟಕದ ಪ್ರಶ್ನೆಯೊಂದರ ಮೇಲೆ ಕಣ್ಣನ್ನು ಹಿಂದೆ ಮುಂದೆ ಓಡಿಸಿ ಬೇಕಾದ ಅಂಕಿ ಹೆಕ್ಕಿಕೊಳ್ಳುತ್ತಾರೆ. ಕಾಣದವರು ಇಡೀ ಕೋಷ್ಟಕವನ್ನು ಲಿಪಿಕಾರರಿಂದ ಓದಿಸಿ, ತಲೆಯಲ್ಲಿ ಇಟ್ಟುಕೊಂಡು, ಮತ್ತೆ ಓದಿಸಿ, ಉತ್ತರವನ್ನು ಒಂದೊಂದೇ ಪದ ಹೇಳಿ ಬರೆಸಬೇಕು. ಆ 20 ನಿಮಿಷ ಇದರಲ್ಲೇ ಕರಗುತ್ತದೆ. ಅಂಗವೈಕಲ್ಯ ಶೇ. 40 ದಾಟಿದವರಿಗೆ ಮಾತ್ರ ಲಿಪಿಕಾರರು ಎಂಬ ನಂಬಿಕೆಯೂ ಹಳೆಯದಾಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಯುಪಿಎಸ್‌ಸಿ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಲಿಪಿಕಾರರ ಸೌಲಭ್ಯವನ್ನು ಆ ಶೇಕಡಾವಾರಿಗೆ ಕಟ್ಟಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಿದೆ.

ಅಂಥ ಒಂದು ಮಗುವಿಗಾಗಿ ಉಳಿದ ನಲವತ್ತು ಮಕ್ಕಳ ಪಾಠ ಹಿಂದೆ ಬೀಳುತ್ತದೆ ಎಂಬ ಆತಂಕ ಪೋಷಕರದು. ಗಣಿತದ ತರಗತಿಯನ್ನೇ ನೋಡಿ. ಮೇಷ್ಟ್ರು ಬೋರ್ಡಿಗೆ ಬೆರಳಿಟ್ಟು "ಇದನ್ನ ಇದರಿಂದ ಭಾಗಿಸಿ, ಇದು ಇಲ್ಲಿಗೆ ಬಂತು" ಎನ್ನುತ್ತಾರೆ. ಕಾಣದ ಹುಡುಗನಿಗೆ ಅಲ್ಲಿ ಲೆಕ್ಕವೇ ಇಲ್ಲ. "ಎಪ್ಪತ್ತೆರಡನ್ನು ಎಂಟರಿಂದ ಭಾಗಿಸಿದರೆ ಒಂಬತ್ತು" ಎಂದು ಬಾಯಿಬಿಟ್ಟು ಹೇಳುವುದಕ್ಕೆ ಎರಡು ಸೆಕೆಂಡು ಹೆಚ್ಚು ಬೇಕು. ಆಗ ಅವನಿಗಷ್ಟೇ ಅಲ್ಲ, ಮುಂದಿನವರ ತಲೆ ಅಡ್ಡವಾಗಿ ಬೋರ್ಡು ಕಾಣದ ಹಿಂದಿನ ಬೆಂಚಿಗೂ, ಬಗ್ಗಿ ನೋಟ್ಸು ಬರೆಯುತ್ತಿರುವವರಿಗೂ ಲೆಕ್ಕ ತಪ್ಪುವುದಿಲ್ಲ.

ಕೊನೆಯದು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕೇಳಿಬರುವ ಮಾತು: "ನಮ್ಮಲ್ಲಿ ಸೌಲಭ್ಯ ಇಲ್ಲ, ಸ್ಪೆಷಲ್ ಸ್ಕೂಲಿಗೆ ಸೇರಿಸಿ." 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಂ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಕುಟುಂಬದ್ದು, ಶಾಲೆಯದಲ್ಲ. ಇಂಥ ಮಕ್ಕಳಿಗೆಂದೇ ತರಬೇತಾದ ಸಂಪನ್ಮೂಲ ಶಿಕ್ಷಕರು ಬ್ಲಾಕ್ ಮಟ್ಟದಲ್ಲಿ ಇರುತ್ತಾರೆ. ಬಿಇಒ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಇಷ್ಟಾಗಿಯೂ ಸೇರಿಸಿಕೊಳ್ಳದಿದ್ದರೆ ನಿರಾಕರಣೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವಾಗ ಲಗತ್ತಿಸಲು ಅದು ಬೇಕಾಗುತ್ತದೆ.